ನಾನು ಹಾಕಿಕೊಟ್ಟ ಮೆರಿಟ್ಟು

ಸಿಇಟಿ ಬಂದು ಆಗಿನ್ನೂ ಹೆಚ್ಚು ವರ್ಷವಾಗಿರಲಿಲ್ಲ. ಎಂಜಿನಿಯರಿಂಗ್ ಸೀಟು ಬೇಕಿದ್ದರೆ ಪಿಯುಸಿ ಪಾಸಾದರೆ ಸಾಲದು, ಅದರ ಮೇಲೆ ಇನ್ನೊಂದು ಪರೀಕ್ಷೆ ಬರೆಯಬೇಕು, ಎರಡನ್ನೂ ಕಲೆಸಿ ಮೆರಿಟ್ಟು ತೆಗೆಯುತ್ತಾರೆ ಅನ್ನುವುದಷ್ಟೇ ನಮಗೆ ಗೊತ್ತಿತ್ತು. ಹೇಗೆ ಕಲೆಸುತ್ತಾರೆ ಅನ್ನುವುದನ್ನು ಪಾಂಡವಪುರದ ನಮ್ಮ ಕಾಲೇಜಿನ ಗಣಿತದ ಲೆಕ್ಚರರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು.

"ಫಿಸಿಕ್ಸು, ಕೆಮಿಸ್ಟ್ರಿ, ಮ್ಯಾಥ್ಸು ಮೂರೂ ಸೇರಿ ಪಿಯುಸೀಲಿ ಮುನ್ನೂರಕ್ಕೆ ಎಷ್ಟು ಬಂತೋ ಅದನ್ನ ಐವತ್ತಕ್ಕೆ ಇಳಿಸ್ಕೊಳಿ. ಸಿಇಟೀಲಿ ಅವೇ ಮೂರರಲ್ಲಿ ನೂರೆಂಬತ್ತಕ್ಕೆ ಎಷ್ಟು ಬಂತೋ ಅದನ್ನೂ ಐವತ್ತಕ್ಕೆ ಇಳಿಸಿ. ಎರಡೂ ಕೂಡಿ. ಅಷ್ಟೇ ಕಣ್ರಯ್ಯಾ ನಿಮ್ ಹಣೆಬರ."

"ಸಾ, ಕನ್ನಡದ ಮಾರ್ಕ್ಸು?" ಅಂದೆ ನಾನು. ನನಗೆ ಚೆನ್ನಾಗಿ ಬರುತ್ತಿದ್ದುದು ಅದೊಂದೇ.

"ಅದ್ರಲ್ಲಿ ನಿಮ್ಮವ್ವಂಗೆ ಕಾಗದ ಬರಿ," ಅಂದರು.

ತರಗತಿಯಲ್ಲಿ ಈ ಲೆಕ್ಕ ಪೂರ್ತಿ ಅರ್ಥವಾದದ್ದು ಇಬ್ಬರಿಗೆ. ಒಬ್ಬ ನಾನು, ತೊಣ್ಣೂರು ಕೆರೆ ಬಯಲಿನ ರೈತನ ಮಗ. ಇನ್ನೊಬ್ಬಳು ಪಾಂಡವಪುರದಲ್ಲಿ ಪಂಪ್‌ಸೆಟ್ಟಿನ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ರೀವೈಂಡಿಂಗ್ ಮಾಡುತ್ತಿದ್ದ ಸಾಬರ ಮಗಳು. ಎರಡು ವರ್ಷವೂ ಪ್ರತಿ ಟೆಸ್ಟಿನಲ್ಲಿ ಅವಳು ಮೊದಲು, ನಾನು ಎರಡನೆಯವನು. ಅವಳು ಹಿಂದೆ ತಿರುಗಿ ಒಮ್ಮೆಯಾದರೂ ಹೀಯಾಳಿಸಿದ್ದರೆ ಸಮಾಧಾನವಾಗುತ್ತಿತ್ತು. ಹಿಂದೆ ಯಾರಿದ್ದಾರೆ ಅಂತ ಅವಳು ನೋಡಿದವಳೇ ಅಲ್ಲ.

ಮೈಸೂರಿಗೆ ಹೋಗಿ ಸಿಇಟಿ ಬರೆದು ಬಂದ ಕೆಲವೇ ದಿನಕ್ಕೆ ಪೇಪರಿನಲ್ಲಿ ಸರಿಯುತ್ತರ ಅಚ್ಚಾಯಿತು. ನಮ್ಮೂರಿಗೆ ಬರುತ್ತಿದ್ದದ್ದು ಒಂದೇ ಪೇಪರು, ಅದೂ ಕಟಿಂಗ್ ಶಾಪಿಗೆ. ನಾನು ಎದ್ದು, ಎಮ್ಮೆ ಮೇಯಲು ಬಿಟ್ಟು, ಅಲ್ಲಿಗೆ ಹೋಗುವ ಹೊತ್ತಿಗೆ ಊರಿನ ಹಿರಿಯರು ನಾಲ್ಕೈದು ಮಂದಿ ಗಡ್ಡ ಕೆರೆಸಿಕೊಂಡು ಎದ್ದಿದ್ದರು. ಕತ್ತಿಯ ನೊರೆ ಒರೆಸಲು ಶಾಪಿನ ಪುಣ್ಯಾತ್ಮ ಅದೇ ಹಾಳೆಯನ್ನು ಹರಿದುಕೊಂಡಿದ್ದ. ಉಳಿದಿದ್ದದ್ದು ತಲೆಬರಹವಿಲ್ಲದ ಒಂದು ಪಟ್ಟಿ. ಮೂರು ವಿಷಯ, ವಿಷಯಕ್ಕೆ ಅರವತ್ತು ಉತ್ತರ, ಎಲ್ಲವೂ ಇತ್ತು.

"ಇದ್ರಲ್ಲಿ ಏನೈತ್ಲಾ ಅಂತಾದ್ದು?" ಅಂದ.

"ನನ್ ಭವಿಷ್ಯ ಐತೆ."

"ಇನ್ನರ್ಧ ಆ ಬುಟ್ಟೀಲೈತೆ, ಬೇಕಾದ್ರೆ ಎತ್ಕೊ. ಪಟೇಲರ ಗಡ್ಡ ಅಂಟ್ಕಂಡದೆ."

ನಾನು ಬುಟ್ಟಿಗೆ ಕೈ ಹಾಕಲಿಲ್ಲ. ಆ ಒಂದು ಪಟ್ಟಿಯನ್ನು ಅನ್ನದ ಅಗುಳಿನಿಂದ ನೋಟ್‌ಬುಕ್ಕಿಗೆ ಅಂಟಿಸಿದೆ. ನನ್ನ ಪ್ರಶ್ನೆಪತ್ರಿಕೆಯಲ್ಲಿ ಗುರುತು ಹಾಕಿಕೊಂಡಿದ್ದ ಉತ್ತರಗಳನ್ನು ಅದಕ್ಕೆ ಹೋಲಿಸಿದೆ. ತೊಂಬತ್ತೊಂಬತ್ತು ಸರಿ. ಅಂದರೆ ನೂರಕ್ಕೆ ಐವತ್ತೈದು, ಐವತ್ತಕ್ಕೆ ಇಳಿಸಿದರೆ ಇಪ್ಪತ್ತೇಳೂವರೆ. ಅಂಥ ಘನವಾದದ್ದೇನಲ್ಲ. ಆದರೆ ಲೆಕ್ಕ ಹಾಕಲು ಬರುತ್ತದೆ ಅನ್ನುವ ಸುದ್ದಿ ಹಬ್ಬಿ ನಮ್ಮ ಕಾಲೇಜಿನ ಹುಡುಗರು ಒಬ್ಬೊಬ್ಬರಾಗಿ ಪ್ರಶ್ನೆಪತ್ರಿಕೆ ಹಿಡಿದು ಬರತೊಡಗಿದರು. ಕಟಿಂಗ್ ಶಾಪಿನ ಬೆಂಚಿನ ಮೇಲೆ ಕೂತು ನಾನು ಎಲ್ಲರ ಹಣೆಬರ ನೋಡಿದೆ. ಒಬ್ಬನಿಗೆ ನಲವತ್ತೈದು. ಇನ್ನೊಬ್ಬನಿಗೆ ನಲವತ್ತೊಂದು. ಮತ್ತೊಬ್ಬನಿಗೆ ನಲವತ್ತೆಂಟು. ಎಲ್ಲೋ ಮೂರು ನಾಲ್ಕು ಜನಕ್ಕೆ ಮಾತ್ರ ಎಂಬತ್ತರ ಮೇಲೆ.

ನಮ್ಮ ತಾಲೂಕಿನ ಮಟ್ಟವೇ ಇಷ್ಟು ಅಂದುಕೊಂಡೆ. ಅಯ್ಯೋ ಪಾಪ ಅನ್ನಿಸಿತು ಕೂಡ. ನಾಲ್ಕು ಉತ್ತರದಲ್ಲಿ ಒಂದಕ್ಕೆ ಕಣ್ಣು ಮುಚ್ಚಿ ಗುರುತು ಹಾಕಿದರೂ ನೂರೆಂಬತ್ತಕ್ಕೆ ನಲವತ್ತೈದು ಬರುತ್ತದೆ ಅನ್ನುವುದು ಗಣಿತದಲ್ಲಿ ನನಗೆ ಗೊತ್ತಿದ್ದ ವಿಷಯವೇ. ಹಾಗಾದರೆ ಓದಿದವರಿಗೂ ಯಾಕೆ ಅಷ್ಟೇ ಬರುತ್ತಿದೆ ಅಂತ ಯೋಚಿಸಬೇಕಿತ್ತು. ಎಲ್ಲರಿಗಿಂತ ನಾನೇ ಮುಂದಿದ್ದೆನಲ್ಲ, ಯೋಚನೆ ಯಾಕೆ ಬರುತ್ತದೆ?

ಆ ವಾರವೇ ನಮ್ಮ ಗದ್ದೆಯ ಮೋಟಾರು ಸುಟ್ಟಿತು. ಸಾಬರು ತಮ್ಮ ಲೂನಾ ಏರಿ ಬಂದರು. ಮೋಟಾರು ಬಿಚ್ಚಿ, ಕೈ ಒರೆಸಿಕೊಂಡು, ಅಂಗಿಯೊಳಗಿನಿಂದ ಮಡಿಸಿದ ಪ್ರಶ್ನೆಪತ್ರಿಕೆ ತೆಗೆದರು.

"ಮಗಳು ಅವಳ ನಾನಿ, ಅದೇ ಅಜ್ಜಿ ಮನೆಗೆ ನಾಗಮಂಗಲಕ್ಕೆ ಹೋಗವ್ಳೆ ಬೇಟಾ. ನೀನು ಲೆಕ್ಕ ಹಾಕ್ಕೊಡ್ತೀಯಂತೆ. ಒಸಿ ನೋಡ್ಬುಡು."

ಬದುವಿನ ಮೇಲೆ ಕೂತು ನೋಡಿದೆ. ನಲವತ್ತಾರು.

ಆಗ ನನಗೆ ಏನಾಯಿತು ಅಂತ ಇಷ್ಟು ವರ್ಷದ ಮೇಲೆ ಸುಳ್ಳು ಹೇಳಿ ಪ್ರಯೋಜನವಿಲ್ಲ. ಹೊಟ್ಟೆಕಿಚ್ಚು ತಣ್ಣಗಾಯಿತು. ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು ಹೇಳಿದೆ. ಸಾಬರು ಪತ್ರಿಕೆಯನ್ನು ಅದೇ ಮಡಿಕೆಗೆ ಮಡಿಸಿದರು.

"ಇನ್ನೊಂದು ಕಿತ ನೋಡ್ತೀಯಾ?"

"ಲೆಕ್ಕ ಅಂದ್ರೆ ಲೆಕ್ಕ ಸಾಬ್ರೇ. ಎಷ್ಟು ಕಿತ ನೋಡಿದ್ರೂ ಅಷ್ಟೇ ಬರೋದು."

ಪಿಯುಸಿ ಫಲಿತಾಂಶ ಬಂದಾಗ ಅವಳಿಗೆ ಮುನ್ನೂರಕ್ಕೆ ಇನ್ನೂರ ಎಪ್ಪತ್ತು, ಕಾಲೇಜಿಗೇ ಮೊದಲು. ನನಗೆ ಇನ್ನೂರ ಮೂವತ್ತನಾಲ್ಕು. ಕೂಡಿ ನೋಡಿದರೆ ಪಿಯುಸಿಯಿಂದ ಅವಳಿಗೆ ನಲವತ್ತೈದು, ಸಿಇಟಿಯಿಂದ ಹನ್ನೆರಡು ಮುಕ್ಕಾಲು ಚಿಲ್ಲರೆ, ಒಟ್ಟು ಐವತ್ತೇಳು ಮುಕ್ಕಾಲು. ನನಗೆ ಮೂವತ್ತೊಂಬತ್ತು ಮತ್ತು ಇಪ್ಪತ್ತೇಳೂವರೆ, ಒಟ್ಟು ಅರವತ್ತಾರೂವರೆ. ಎರಡು ವರ್ಷದಲ್ಲಿ ಮೊದಲ ಸಲ ನಾನು ಮುಂದೆ.

ಮಾರ್ಕ್ಸ್‌ಕಾರ್ಡ್ ತರಲು ಕಾಲೇಜಿಗೆ ಹೋದ ದಿನ ಅವಳು ನನ್ನನ್ನು ನಿಲ್ಲಿಸಿದಳು.

"ನಲವತ್ತಾರೇ ಬಂತಾ? ಕೆಮಿಸ್ಟ್ರಿ ಒಂದ್ರಲ್ಲೇ ನಲವತ್ತು ಬರ್ತದೆ ಅಂದ್ಕೊಂಡಿದ್ದೆ."

"ಎಲ್ರಿಗೂ ಅಂಗೇ ಅನ್ನಿಸ್ತದೆ. ಸಿಇಟಿ ಅಂದ್ರೆ ಪಿಯುಸಿ ತರ ಅಲ್ಲ," ಅಂದೆ, ಹತ್ತು ಸಲ ಸಿಇಟಿ ಬರೆದವನ ಹಾಗೆ.

ಮರುದಿನವೇ ಸಾಬರು ಮಗಳನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದು ಅಲ್ಲಿನ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿಸಿಬಿಟ್ಟರು. ಟೀಸಿ, ಮಾರ್ಕ್ಸ್‌ಕಾರ್ಡು, ಎಲ್ಲಾ ಅಸಲು ಕಾಗದವೂ ಆ ಕಾಲೇಜಿನ ಬೀರು ಸೇರಿತು.

ಆಮೇಲೆ ಸರ್ಕಾರದ ರ‍್ಯಾಂಕ್ ಕಾರ್ಡುಗಳು ಬಂದವು. ನನ್ನದು ಬಂದಾಗ ಅದರಲ್ಲಿದ್ದದ್ದೂ ತೊಂಬತ್ತೊಂಬತ್ತೇ. ಒಂದು ಅಂಕವೂ ಆಚೀಚೆಯಿಲ್ಲ. ನನ್ನ ಪಟ್ಟಿಯ ಮೇಲೆ ನನಗೆ ಇನ್ನಷ್ಟು ಭಕ್ತಿ ಬಂತು. ಆದರೆ ರ‍್ಯಾಂಕು ಮಾತ್ರ ನಾನು ಎಣಿಸಿದ್ದಕ್ಕಿಂತ ಎಷ್ಟೋ ಸಾವಿರ ಹಿಂದಿತ್ತು. ಇಷ್ಟು ದಡ್ಡರ ನಡುವೆ ನಾನು ಹೇಗೆ ಇಷ್ಟು ಹಿಂದೆ ಬಿದ್ದೆ ಅಂತ ತಲೆ ಕೆರೆದುಕೊಳ್ಳುತ್ತಿರುವಾಗಲೇ ಲೂನಾ ಶಬ್ದ ಕೇಳಿಸಿತು. ಸಾಬರ ಹಿಂದೆ ಮಗಳೂ ಕೂತಿದ್ದಳು.

ಸಾಬರು ಕಾರ್ಡನ್ನು ನನ್ನ ಮುಂದೆ ಹಿಡಿದರು. "ಇದ್ಯಾವ ಲೆಕ್ಕ ಬೇಟಾ?"

ನೂರಿಪ್ಪತ್ತಾರು ಅಂತಿತ್ತು. ಮೆರಿಟ್ಟು ಸರಿಯಾಗಿ ಎಂಬತ್ತು.

ನನ್ನ ಬಾಯಿಂದ ಬಂದ ಮೊದಲ ಮಾತು, "ಗೌರ್ಮೆಂಟ್ನೋರು ಏನೋ ತಪ್ಪು ಮಾಡವ್ರೆ."

ಮಗಳು ನನ್ನ ನೋಟ್‌ಬುಕ್ ಕೇಳಿದಳು. ಪಟ್ಟಿ ನೋಡಿದಳು. ಆಮೇಲೆ ತನ್ನ ಪ್ರಶ್ನೆಪತ್ರಿಕೆಯ ಮೂಲೆಯಲ್ಲಿದ್ದ ಒಂದು ಅಕ್ಷರದ ಮೇಲೆ ಬೆರಳಿಟ್ಟಳು.

"ನಂದು ಸಿ. ನಿಂದು ಏನಿತ್ತು?"

ಒಳಗೆ ಹೋಗಿ ನೋಡಿಕೊಂಡು ಬಂದೆ. "ಎ."

"ಪಕ್ಕದೋರು ಕಾಪಿ ಹೊಡೀಬಾರ್ದು ಅಂತ ನಾಲ್ಕು ತರ ಪೇಪರ್ ಮಾಡಿರ್ತಾರೆ. ಪ್ರಶ್ನೆಗಳು ಅವೇ, ಹಿಂದೆ ಮುಂದೆ. ನನ್ನ ಮೊದಲನೇ ಪ್ರಶ್ನೆ ನಿನ್ನ ನಲವತ್ತನೇದು ಇರ್ತದೆ. ನ್ಯೂಸ್‌ಪೇಪರಲ್ಲಿ ನಾಲ್ಕಕ್ಕೂ ಬೇರೆ ಬೇರೆ ಉತ್ತರ ಹಾಕಿರ್ತಾರೆ. ನೀನು ಎಲ್ರುದ್ದನ್ನೂ ಇದ್ರಲ್ಲೇ ನೋಡ್ದಾ?"

ಮಿಕ್ಕ ಮೂರು ಪಟ್ಟಿಗಳು ಪಟೇಲರ ಗಡ್ಡದ ಜೊತೆ ಹೋಗಿದ್ದವು. ನನ್ನ ಬಳಿ ಬಂದವರಲ್ಲಿ ನನ್ನಂತೆಯೇ ಎ ಪತ್ರಿಕೆ ಸಿಕ್ಕ ನಾಲ್ಕು ಜನ ಬಿಟ್ಟು ಉಳಿದ ಎಲ್ಲರನ್ನೂ ನಾನು ಕೈಯಾರೆ ದಡ್ಡರನ್ನಾಗಿ ಮಾಡಿದ್ದೆ.

ನಮ್ಮಪ್ಪ ಕೊಟ್ಟಿಗೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಸಗಣಿ ಕೈಯಲ್ಲೇ ಹೊರಗೆ ಬಂದ.

"ಸಾಬ್ರು ಮೋಟಾರು ಒಂದ್ ದಪ ರಿಪೇರಿ ಮಾಡಿದ್ರೆ ಮೂರ್ ದಪ ಓಡ್ಸಿ ನೋಡ್ತಾರೆ. ನೀನು ಎಣ್ಮಗೀನ ಜೀವ್ನ ಒಂದೇ ದಪ ನೋಡಿ ಕೊಟ್ಬುಟ್ಯಾ? ಓಗ್ಲಾ, ಅವ್ರ ಜೊತೇಲಿ ಓಗು. ಆ ಕಾಗ್ದ ಈಸ್ಕೊಡೋಗಂಟ ಮನೇಗೆ ಬರ್ಬೇಡ."

ಕೌನ್ಸೆಲಿಂಗ್‌ಗೆ ಇನ್ನು ನಾಲ್ಕು ದಿನವಿತ್ತು. ಅಸಲು ಕಾಗದವಿಲ್ಲದೆ ಬೆಂಗಳೂರಿಗೆ ಹೋದರೆ ಒಳಗೂ ಬಿಡುವುದಿಲ್ಲ. ಮೂವರೂ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದೆವು.

ಆ ಕಾಲೇಜಿನ ಆಫೀಸಿನಲ್ಲಿದ್ದ ಗುಮಾಸ್ತರು ವಯಸ್ಸಾದವರು, ಅವಸರ ಅನ್ನುವುದನ್ನು ಕಂಡೇ ಇರದವರು. ಸೀಟು ಬೇಡವೆಂದರೆ ಕಾರಣ ಬರೆದುಕೊಡಬೇಕು, ಆ ಕಾರಣ ಪ್ರಿನ್ಸಿಪಾಲರಿಗೆ ಒಪ್ಪಿಗೆಯಾಗಬೇಕು ಅಂದರು.

"ಕಾರಣ ಏನು?"

ಸಾಬರು ನನ್ನ ಕಡೆ ನೋಡಿದರು. ಮಗಳು ಕಿಟಕಿ ಕಡೆ ನೋಡಿದಳು.

"ನಾನು ಸಾ," ಅಂದೆ.

ಎಲ್ಲವನ್ನೂ ಹೇಳಬೇಕಾಯಿತು. ಗುಮಾಸ್ತರು ಕನ್ನಡಕ ತೆಗೆದು ಕೇಳಿದರು. ನೊರೆ ಒರೆಸಿದ ಭಾಗ ಬಂದಾಗ ತಡಿ ಅಂತ ಕೈ ತೋರಿಸಿ, ಎದ್ದು ಹೋಗಿ, ಲೈಬ್ರರಿಯವರನ್ನೂ ಟೈಪಿಸ್ಟ್ ಮೇಡಮ್ಮನ್ನೂ ಕರೆದುಕೊಂಡು ಬಂದರು. "ಈಗ ಮೊದಲಿಂದ ಹೇಳು." ಎರಡನೆಯ ಸಲ ಹೇಳಿದೆ. ಟೈಪಿಸ್ಟ್ ಮೇಡಮ್ಮು ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಆಮೇಲೆ ಪ್ರಿನ್ಸಿಪಾಲರ ಕೋಣೆಯಲ್ಲಿ ಮೂರನೆಯ ಸಲ. ಅವರು ನಗಲಿಲ್ಲ.

"ನೀನು ಎಷ್ಟು ಜನಕ್ಕೆ ಹೀಗೆ ಲೆಕ್ಕ ಹಾಕ್ಕೊಟ್ಟಿದ್ದೀಯ?"

"ಇಪ್ಪತ್ತೊಂದು ಜನಕ್ಕೆ ಸಾರ್."

"ಅದನ್ನೂ ಬರಿ."

ಬರೆದುಕೊಟ್ಟೆ. 'ನಾನು ತಪ್ಪು ಉತ್ತರಪಟ್ಟಿ ನೋಡಿ ಅಂಕ ಹೇಳಿದ್ದರಿಂದ ಈ ವಿದ್ಯಾರ್ಥಿನಿಯು ತಮ್ಮ ಕಾಲೇಜಿಗೆ ಸೇರಿರುತ್ತಾಳೆ' ಅಂತ ಶುರುವಾದ ಆ ಅರ್ಜಿಯಲ್ಲಿ ಒಂದೂ ಕಾಗುಣಿತದ ತಪ್ಪಿರಲಿಲ್ಲ. ಪ್ರಿನ್ಸಿಪಾಲರು ಸಹಿ ಹಾಕಿದರು. ಮಧ್ಯಾಹ್ನದ ಊಟಕ್ಕೆ ಮುಂಚೆ ಕಾಗದಗಳು ಸಾಬರ ಕೈಗೆ ಬಂದವು.

ವಾಪಸು ಬರುವಾಗ ಬಸ್ಸಿನಲ್ಲಿ ಸಾಬರಿಗೆ ಡ್ರೈವರ್ ಹಿಂದೆ ಸೀಟು ಸಿಕ್ಕಿತು. ಅವಳು, ನಾನು ನಿಂತಿದ್ದೆವು.

"ನಲವತ್ತಾರು ಅಂದಾಗ ನಾನೂ ನಂಬ್ಬಿಟ್ಟೆ," ಅಂದಳು. "ಫಿಸಿಕ್ಸಲ್ಲಿ ಟೈಮ್ ಸಾಲ್ದೆ ಕೊನೇವೆಲ್ಲ ಅವಸರದಲ್ಲಿ ಬರ್ದಿದ್ದೆ. ಎಲ್ಲಾ ತಪ್ಪು ಗುರುತು ಹಾಕಿರ್ಬೇಕು ಅಂತ ಅನ್ನಿಸಿತ್ತು. ಇಲ್ದಿದ್ರೆ ನಾನೇ ಪೇಪರ್ ಹುಡುಕ್ಕೊಂಡು ನೋಡ್ತಿದ್ದೆ."

ಕಂಡಕ್ಟರ್ ಬಂದಾಗ ಮೂವರ ಟಿಕೆಟನ್ನೂ ನಾನೇ ತಗೊಂಡೆ.

"ಒಂದ್ ಕೇಳ್ತೀನಿ. ಅವತ್ತು ನಿಂಗೆ ಖುಷಿ ಆಯ್ತಾ?"

ಇಲ್ಲ ಅನ್ನಬಹುದಿತ್ತು. ಆದರೆ ಆ ದಿನ ಅಷ್ಟು ಹೊತ್ತಿಗೆ ಮೂರು ಸಲ ನಿಜ ಹೇಳಿ ಅಭ್ಯಾಸವಾಗಿತ್ತು.

"ಆಯ್ತು."

"ಗೊತ್ತಿತ್ತು," ಅಂದಳು. "ನಿನ್ ಜಾಗದಲ್ಲಿದ್ದಿದ್ರೆ ನಂಗೂ ಆಗಿರೋದು. ಆದ್ರೆ ನಾನು ಎರಡು ಸಲ ನೋಡ್ತಿದ್ದೆ."



ಉಳಿದವರ ಮನೆಗೆ ಸೈಕಲ್ಲಿನಲ್ಲಿ ಹೋದೆ. ಹೆಚ್ಚಿನವರಿಗೆ ರ‍್ಯಾಂಕ್ ಕಾರ್ಡು ಆಗಲೇ ಬಂದಿತ್ತು. ದೇವರ ದಯೆ ಅಂತ ಹರಕೆ ತೀರಿಸಿಯೂ ಆಗಿತ್ತು. ದೇವರದ್ದೇನೂ ಇಲ್ಲ, ತಪ್ಪು ನನ್ನದು ಅಂತ ಹೇಳಲು ಹೋದ ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ನನ್ನನ್ನೇ ನಾಸ್ತಿಕ ಅಂತ ಬೈದಳು. ಒಬ್ಬ ಮಾತ್ರ, ಕೆ.ಆರ್. ಪೇಟೆ ತಾಲೂಕಿನ ಸಂತೇಬಾಚಹಳ್ಳಿಯವನು, ನಮ್ಮ ಕಾಲೇಜಿಗೆ ನೆಂಟರ ಮನೆಯಿಂದ ಬರುತ್ತಿದ್ದವನು, ನನ್ನ ನಲವತ್ತೆಂಟನ್ನೇ ನಂಬಿ, ಬಂದ ಕಾರ್ಡೇ ತಪ್ಪಿರಬೇಕು ಅಂತ ಊರಿಗೆ ಹೋಗಿ ಕುಳಿತಿದ್ದ. ಅಷ್ಟು ದೂರ ಬಸ್ಸಿನಲ್ಲಿ ಹೋದೆ. ಅವನ ತಾಯಿ ನನ್ನ ತಪ್ಪೊಪ್ಪಿಗೆ ಕೇಳಿ, ಬಾಯಿಗೆ ಬಂದದ್ದೆಲ್ಲ ಬೈಯುತ್ತಲೇ ಮುದ್ದೆ ಇಟ್ಟು ಅವರೆಕಾಳಿನ ಸಾರು ಬಿಟ್ಟರು. "ತಿನ್ನು, ತಿಂದು ಸಾಯಿ." ಅವನು ನನ್ನ ಪಕ್ಕದಲ್ಲೇ ಕೂತು ತನ್ನ ಕಾರ್ಡನ್ನು ಮೊದಲ ಸಲ ನಂಬಿಕೆಯಿಂದ ಓದುತ್ತಿದ್ದ. ಕೊನೆಗೆ ಅವನಿಗೆ ಹಾಸನದಲ್ಲಿ ಸೀಟು ಸಿಕ್ಕಿತು.

ನನ್ನ ರ‍್ಯಾಂಕಿಗೆ ಸಿಕ್ಕಿದ್ದು ಎಲ್ಲೋ ಉತ್ತರದ ಕಡೆಯ ಕಾಲೇಜು. ಅಲ್ಲಿಗೆ ಹೋಗಿ ಬರುವ ಹೊತ್ತಿಗೆ ಕಬ್ಬು ಒಂದು ಕಟಾವು ಮುಗಿದಿರುತ್ತದೆ ಅಂದ ನಮ್ಮಪ್ಪ. ಶ್ರೀರಂಗಪಟ್ಟಣದ ಆ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟೊಂದು ಖಾಲಿಯಾಗಿರುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅಲ್ಲಿಗೇ ಸೇರಿದೆ.

ಅವಳು ಮೈಸೂರಿನಲ್ಲಿ ಎಲೆಕ್ಟ್ರಿಕಲ್ ತಗೊಂಡಳು. ಮರುವರ್ಷ ನಮ್ಮ ಮೋಟಾರು ಮತ್ತೆ ಕೆಟ್ಟಾಗ ಬಂದ ಸಾಬರಿಗೆ ನಾನು ವೈರು ಹಿಡಿದುಕೊಂಡು ನಿಂತಿದ್ದೆ. ಮಗಳು ಹೇಗಿದ್ದಾಳೆ ಅಂತ ಕೇಳಿದೆ.

"ರಜಕ್ಕೆ ಬಂದಿದ್ಲು. ಅಂಗಡೀಲಿ ಕೂತು ಅದೇನೋ ಲೆಕ್ಕ ಹಾಕಿ, ಮೋಟಾರಿಗೆ ನಾನು ಸುತ್ತೋ ತಂತಿ ಲೆಕ್ಕಾನೇ ತಪ್ಪು ಅಂತಾಳೆ. ಇಪ್ಪತ್ತು ವರ್ಷದಿಂದ ಸುತ್ತುತಿವ್ನಿ ಬೇಟಾ!"

"ತಪ್ಪಾ ಸಾಬ್ರೇ?"

ಸಾಬರು ಸುತ್ತಮುತ್ತ ನೋಡಿದರು. ನಮ್ಮಪ್ಪ ದೂರದ ಬದುವಿನಲ್ಲಿದ್ದ.

"ಒಸಿ ತಪ್ಪೇ ಅಂತೆ," ಅಂದರು. "ಎರಡು ಕಿತ ಹಾಕಿ ತೋರ್ಸುದ್ಲು. ನಿಮ್ಮಪ್ಪನ್ ತಾವ ಏಳ್ಬ್ಯಾಡ."