ಹನ್ನೆರಡನೇ ಫೇಡರ್

ಜೆಪ್ಪುವಿನ ಸೌಂಡ್ ಗುರುವಪ್ಪಣ್ಣ ಮಿಕ್ಸರ್ ಮುಂದೆ ಕೂತರೆ ಬಂದರಿಗೆ ಹಡಗು ತರುವ ಕಪ್ತಾನನ ಗತ್ತು. "ಹಲೋ, ಚೆಕ್" ಎಂದು ಮದುವೆ ಹಾಲ್‌ನ ಪಾರಿವಾಳಗಳನ್ನೆಲ್ಲ ಹಾರಿಸದೆ ಅವರ ಕೆಲಸ ಶುರುವಾಗುವುದಿಲ್ಲ. ಸ್ವರ ಏರಿಸಿ ಇಳಿಸುವ ಹನ್ನೊಂದು ಫೇಡರ್‌ಗಳಿಗೆ ಹನ್ನೊಂದು ಮೈಕು. ಹನ್ನೆರಡನೆಯದಕ್ಕೆ ಏನೂ ಇಲ್ಲ, ಅದು ದೂರು ತರುವವರಿಗೆ ಮೀಸಲು. ಮದುಮಗನ ಸೋದರಮಾವ ಓಡಿ ಬಂದು "ನನ್ನ ಸ್ವರ ಕೇಳುವುದೇ ಇಲ್ಲ ಮಾರಾಯ್ರೆ" ಎಂದರೆ ಗುರುವಪ್ಪಣ್ಣ ಗಂಭೀರವಾಗಿ ಆ ಖಾಲಿ ಫೇಡರನ್ನೇ ಕೂದಲೆಳೆಯಷ್ಟು ಏರಿಸುತ್ತಾರೆ. "ಹಾಂ, ಈಗ ಭಾರೀ ಲಾಯ್ಕುಂಟು!" ಎಂದು ಮಾವ ಕುಣಿಯುತ್ತ ಹೋಗುತ್ತಾನೆ. ಮೊನ್ನೆ ಅವರ ಮಗಳು ಮೋಕ್ಷಾ ಮೊದಲ ಸಲ ವೇದಿಕೆಯಲ್ಲಿ ಹಾಡಿದಳು. ಗುರುವಪ್ಪಣ್ಣ ಹನ್ನೆರಡನೆಯದನ್ನೇ ಪೂರ್ತಿ ಏರಿಸಿ, ಕಣ್ಣೊರೆಸುತ್ತ, ಪಕ್ಕದಲ್ಲಿ ಕೂತಿದ್ದ ನನ್ನ ಕಡೆ ತಿರುಗಿ, "ಈಗ ಎಷ್ಟು ಚಂದ ಕೇಳ್ತದೆ, ಅಲ್ವಾ?" ಎಂದರು. ದೇವರಾಣೆಗೂ, ನನಗೂ ಹಾಗೆಯೇ ಕೇಳಿಸಿತು.