ಐವತ್ತಕ್ಕೆ ಮೊದಲು ಒಂದು ಕೌದಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೈಲಹೊಂಗಲದಲ್ಲಿ ನಮ್ಮ ಓಣಿಯ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಬೀಜ-ಗೊಬ್ಬರದ ಅಂಗಡಿಯ ಗಲ್ಲೆಯನ್ನು ಗಂಡನಿಗೆ ಒಪ್ಪಿಸಿ ನಾನು ಊರೂರು ತಿರುಗಿ ಕ್ಲಾಸುಗಳಿಗೆ ಸೇರಿದ್ದು ಹವ್ಯಾಸದ ಹುಚ್ಚಿನಿಂದಲ್ಲ, ಸಿಟ್ಟಿನಿಂದ. ಅದೂ ಹಡೆದ ಅವ್ವನ ಮೇಲಿನ ಸಿಟ್ಟಿನಿಂದ.

ನಡೆದದ್ದಿಷ್ಟು. ರಾಮದುರ್ಗದಲ್ಲಿ ನನ್ನ ಅಣ್ಣನ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವಿತ್ತು. ನಮ್ಮ ಕಡೆ ಆ ದಿನ ಹೆಣ್ಣುಮಕ್ಕಳು ತಾವೇ ಹೊಲಿದ ಏನಾದರೊಂದನ್ನು ತರುತ್ತಾರೆ. ಒಬ್ಬಳು ಕುಲಾಯಿ ತಂದಿದ್ದಳು, ಒಬ್ಬಳು ಜರಿಯಂಚಿನ ಕುಂಚಿಗೆ. ನಮ್ಮವ್ವ ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಕಣ್ಣು ಚೆನ್ನಾಗಿ ಕಾಣುತ್ತಿದ್ದಾಗಲೇ ಹೊಲಿದಿಟ್ಟಿದ್ದ ಪುಟ್ಟ ಕೌದಿ ತಂದಿದ್ದಳು. ನಾನು ತಂದದ್ದು ಅಂಗಡಿಯ ಬ್ಲಾಂಕೆಟ್ಟು. ಪ್ಲಾಸ್ಟಿಕ್ ಚೀಲ, ಅದಕ್ಕೊಂದು ಜಿಪ್ಪು, ಒಳಗೆ ಕರಡಿಯ ಚಿತ್ರ.

ಅವ್ವ ಅದನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಕೂಡಿದವರಿಗೆಲ್ಲ ಕೇಳುವಂತೆ, "ಅಕಿ ಕೈಯಾಗ ಹದ ಇಲ್ಲಬೇ. ಬುದ್ಧಿ ಐತಿ, ಬಾಯಿ ಅಂತೂ ಐತೇ ಐತಿ. ಕೈ ಒಂದ ಇಲ್ಲ. ಹುಟ್ಟಾ ಹಂಗ, ಪಾಪ," ಎಂದಳು.

ಎಲ್ಲರೂ ನಕ್ಕರು. ಅವ್ವ ಚುಚ್ಚಲೆಂದು ಹೇಳಿರಲಿಲ್ಲ, ನಿಜವಾಗಿಯೂ ಮರುಗಿ ಹೇಳಿದ್ದಳು. ಆ "ಪಾಪ" ಇದೆಯಲ್ಲ, ಅದಕ್ಕೇ ನನ್ನ ಮೈಯೆಲ್ಲ ಉರಿದುಹೋಯಿತು.

ಅವ್ವನಿಗೆ ಎಪ್ಪತ್ತಾರು. ಮನೋಳಿಯಲ್ಲಿ ಅಣ್ಣನ ಮನೆಯಲ್ಲಿ ಇರುತ್ತಾಳೆ. ಆ ಊರಿನ ಅರ್ಧ ಕೂಸುಗಳು ಅವಳ ಕೌದಿಯಲ್ಲೇ ಮಲಗಿ ಬೆಳೆದಿವೆ. ಅಂಥವಳ ಮಗಳಿಗೆ ಒಂದು ಗುಂಡಿ ಹಚ್ಚಲು ಬರುವುದಿಲ್ಲ ಎಂಬ ಮಾತನ್ನು ಮದುವೆಯಾದಾಗಿನಿಂದ ಕೇಳಿಸಿಕೊಂಡಿದ್ದೇನೆ. ಬರುತ್ತಿರಲಿಲ್ಲ ಎನ್ನುವುದೂ ಖರೆಯೇ. ನನ್ನ ರಂಗೋಲಿ ಸೊಟ್ಟ, ನನ್ನ ರೊಟ್ಟಿ ಯಾವ ಹೊತ್ತಿಗೆ ಯಾವ ಕಡೆ ಹರಿಯುತ್ತದೋ ಹೇಳುವಂತಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಗಂಡನಿಗೆ ಹೇಳಿದೆ. "ಐವತ್ತ ತುಂಬೂದ್ರೊಳಗ ನನ್ನ ಕೈಲೆ ಒಂದ ಸಾಮಾನ ಮಾಡಿ ಅವ್ವನ ಮುಂದ ಇಡತೇನಿ. ಅಕಿ ಛಲೋ ಐತಿ ಅನಬೇಕು. ಇಲ್ಲಂದ್ರ ನಾ ಅಕಿ ಮಗಳ ಅಲ್ಲ."

"ಯಾವ ಸಾಮಾನ?"

"ಯಾವದರೆ."

"ಒಂದ ಕಪ್ಪ ಚಾ ಮಾಡಿ ಇಟ್ರ ನಡಿಯೂದಿಲ್ಲೇನು?"

ಸವದತ್ತಿ ಬರುವವರೆಗೆ ನಾನು ಅವರ ಜೊತೆ ಮಾತಾಡಲಿಲ್ಲ. ಐವತ್ತು ತುಂಬಲು ಇನ್ನೂ ಹತ್ತು ತಿಂಗಳಿತ್ತು.

ಮೊದಲು ಸೇರಿದ್ದು ನಮ್ಮೂರಿನಲ್ಲೇ, ಒಂದು ಮೊಬೈಲ್ ಅಂಗಡಿಯ ಮೇಲಿದ್ದ ಟೇಲರಿಂಗ್ ಕ್ಲಾಸಿಗೆ. ಕಲಿಸುವವಳು ಇಪ್ಪತ್ತೈದರ ಹುಡುಗಿ. ಕತ್ತರಿ ಹಿಡಿದರೆ ಸಾಕು, ನನ್ನ ಕೈಯಲ್ಲಿ ಅದು ಬಟ್ಟೆಯನ್ನು ಕತ್ತರಿಸುವ ಬದಲು ಕಚ್ಚಿ ಎಳೆಯುತ್ತಿತ್ತು. ಮೂರನೆಯ ವಾರ ಕುಪ್ಪಸದ ಕೊರಳು ಕತ್ತರಿಸಿದೆ. ಅದರಲ್ಲಿ ಇಬ್ಬರ ತಲೆ ಆರಾಮಾಗಿ ಹಿಡಿಸುವಂತಿತ್ತು. ಹುಡುಗಿ ಬಹಳ ಹೊತ್ತು ಅದನ್ನೇ ನೋಡಿ, "ಆಂಟಿ, ನೀವು ಸೀರಿಗೆ ಫಾಲ್ ಹಚ್ಚೂದ ಕಲೀರಿ, ಸಾಕು," ಎಂದಳು. ಅದೂ ಬರಲಿಲ್ಲ.

ಆಮೇಲೆ ಕಿತ್ತೂರಿನಲ್ಲಿ ಎರಡು ದಿನದ ಕೇಕ್ ಕ್ಲಾಸು. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಇಂಥ ಕಡೆ ಹೋಗಿಬರಲು ಯಾರನ್ನೂ ಕೇಳಬೇಕಿಲ್ಲ, ಕೂಡಲು ಸೀಟು ಸಿಗುವುದಿಲ್ಲ ಅಷ್ಟೇ. ಕೆನೆ ತುಂಬಿದ ಚೀಲವನ್ನು ಒಂದು ಕೈಯಿಂದ ಹಿಂಡುತ್ತ, ಇನ್ನೊಂದು ಕೈಯಿಂದ ತಟ್ಟೆ ತಿರುಗಿಸುತ್ತ ಗುಲಾಬಿ ಅರಳಿಸಬೇಕು. ಉಳಿದವರ ಕೇಕಿನ ಮೇಲೆ ಗುಲಾಬಿ ಅರಳಿದವು. ನನ್ನ ಕೇಕಿನ ಮೇಲೆ ಹಿಟ್ಟಿನ ಉಂಡೆಗಳು ಕುಳಿತವು. ಮನೆಗೆ ತಂದಾಗ ಗಂಡ ಅದರಲ್ಲಿ ಮುಕ್ಕಾಲು ಭಾಗ ಒಬ್ಬರೇ ತಿಂದು, "ರುಚಿ ಭಾಳ ಛಲೋ ಐತಿ. ನೋಡಬಾರದು, ಅಷ್ಟ," ಎಂದರು. ಆ ದಿನ ಮಾತ್ರ ನಾನೂ ನಕ್ಕೆ.

ಸವದತ್ತಿಯ ಕ್ರೋಶಾ ಕ್ಲಾಸಿನಲ್ಲಿ ನಗು ಬರಲಿಲ್ಲ. ಒಂದು ಕೊಕ್ಕೆ, ಒಂದು ದಾರ, ಬಾಗಿಲಿಗೆ ಹಾಕುವ ತೋರಣ. ಕಲಿಸುವವರು ನನ್ನ ಪಕ್ಕದಲ್ಲಿ ಕುಳಿತು, ನನ್ನ ಬಲಗೈಯನ್ನು ಹಿಡಿದು, "ಹಂಗಲ್ರಿ, ಹಿಂಗ," ಎಂದು ಇಪ್ಪತ್ತು ಸಲ ಹೇಳಿದರು. ಇಪ್ಪತ್ತೊಂದನೆಯ ಸಲಕ್ಕೆ ನಾನು ಕೊಕ್ಕೆಯನ್ನು ಕಿಟಕಿಯಿಂದ ಆಚೆ ಒಗೆದೆ. ಕೆಳಗೆ ಒಬ್ಬರು ಬಾಳೆಹಣ್ಣು ಮಾರುತ್ತಿದ್ದರು. ಅವರ ಬುಟ್ಟಿಯಲ್ಲಿ ಬಿತ್ತು. ಇಳಿದು ಹೋಗಿ ತಪ್ಪಾಯಿತೆಂದು ಹೇಳಿ, ಆ ನಾಚಿಕೆಗೆ ಒಂದು ಡಜನ್ ಬಾಳೆಹಣ್ಣು ಕೊಂಡು, ಕ್ಲಾಸಿಗೆ ವಾಪಸು ಹೋಗದೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅತ್ತೆ. ಅವ್ವ ಹೇಳಿದ್ದೇ ಖರೆ, ಹುಟ್ಟಿದಾಗಿನಿಂದ ನನಗೆ ಕೈಯೇ ಇಲ್ಲ, ನಾನು ಸುಮ್ಮನೆ ಹಟ ಮಾಡುತ್ತಿದ್ದೇನೆ ಅನ್ನಿಸಿತು.

ಸಂಗೊಳ್ಳಿಯ ಒಬ್ಬ ಹೆಣ್ಣುಮಗಳು ನಮ್ಮ ಅಂಗಡಿಯಲ್ಲಿ ಬೀಜ ಒಯ್ಯುತ್ತಾಳೆ. ತಾನೇ ಹೊಲ ಮಾಡಿಸುತ್ತಾಳೆ, ಮಧ್ಯಾಹ್ನ ಊರಿನ ಸಮುದಾಯ ಭವನದಲ್ಲಿ ಹತ್ತು ಜನರಿಗೆ ಕೌದಿ ಹೊಲಿಯಲು ಕಲಿಸುತ್ತಾಳೆ. ಪೇಟೆಯವರು ಈಗ ಕೌದಿಯನ್ನು ಗೋಡೆಗೂ ತೂಗುಹಾಕುತ್ತಾರಂತೆ. "ಬರ್ರಲ್ಲಾ ಅಕ್ಕಾರ," ಎಂದಳು. ಕೌದಿ ಎಂದರೆ ಅವ್ವನದೇ ಕಸುಬು. ಕೇಕು ಕೆಟ್ಟರೆ ತಿಂದು ಮುಗಿಸಬಹುದು, ಅವ್ವನ ಕಸುಬಿನಲ್ಲೇ ಸೋತರೆ ಮುಖ ಎಲ್ಲಿ ಇಟ್ಟುಕೊಳ್ಳಲಿ? ಮೂರು ದಿನ ಒದ್ದಾಡಿದೆ. "ಹೋಗ ಮಾರಾಯ್ತಿ, ಅಲ್ಲಿ ಕಿಟಕಿ ಇಲ್ಲ," ಎಂದರು ಗಂಡ.

ಮೊದಲ ವಾರ ಅದೇ ಹಣೆಬರಹ. ಕಲಿಸುವಾಕೆ ನೆಲದ ಮೇಲೆ ಕೌದಿ ಹಾಸಿ ಒಂದು ಅಂಚಿಗೆ ಕೂಡುತ್ತಿದ್ದಳು. ಅವಳ ಕೈ ಕಾಣಲೆಂದು ನಾವೆಲ್ಲ ಅವಳ ಅಕ್ಕಪಕ್ಕ, ಬೆನ್ನ ಹಿಂದೆ ಒತ್ತಿಕೊಂಡು ಕೂಡುತ್ತಿದ್ದೆವು. ಅವಳ ಸೂಜಿ ಬಲದಿಂದ ಎಡಕ್ಕೆ ಪಟಪಟ ಓಡುತ್ತಿತ್ತು. ನನ್ನ ದಾರ ಗಂಟುಗಂಟಾಗಿ, ಒಂದು ಹೊಲಿಗೆ ಜೋಳದಷ್ಟು, ಇನ್ನೊಂದು ಮೆಕ್ಕೆಜೋಳದಷ್ಟು ಬರುತ್ತಿತ್ತು.

ಎರಡನೆಯ ವಾರ ಒಂದು ದಿನ ಬಸ್ಸು ತಡವಾಯಿತು. ಹೋದಾಗ ಅವಳ ಪಕ್ಕದಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಕೌದಿಯ ಆಚೆ ಅಂಚಿಗೆ, ಅವಳ ಎದುರಿಗೆ ಒಬ್ಬಳೇ ಕುಳಿತೆ. ಮುನಿಸಿನಿಂದಲೇ ಸೂಜಿ ಎತ್ತಿಕೊಂಡು ಅವಳ ಕೈ ನೋಡುತ್ತ ಹೊಲಿಯತೊಡಗಿದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಒಂದೂ ಗಂಟು ಬೀಳಲಿಲ್ಲ. ಅವಳು ತಲೆ ಎತ್ತಿ ನನ್ನ ಕಡೆ ನೋಡಿ ಸೂಜಿ ನಿಲ್ಲಿಸಿದಳು.

"ಅಕ್ಕಾರ, ನೀವು ಎಡಚರೇನ್ರಿ?"

"ಛೇ, ಛೇ! ಯಾರ ಹೇಳಿದ್ರು?" ನನ್ನ ದನಿ ಏರಿತು.

"ಯಾರೂ ಹೇಳಿಲ್ರಿ. ನಿಮ್ಮ ಕೈ ನೋಡ್ರಿ."

ನೋಡಿದೆ. ಸೂಜಿ ನನ್ನ ಎಡಗೈಯಲ್ಲಿತ್ತು. ಕನ್ನಡಿಯ ಮುಂದೆ ಕುಳಿತವರ ಹಾಗೆ, ಅವಳ ಬಲಗೈಗೆ ಎದುರಾಗಿ ನನ್ನ ಎಡಗೈ ತಾನೇ ಎದ್ದಿತ್ತು. ಎಡದಿಂದ ಬಲಕ್ಕೆ ಒಂದು ಮೊಳ ಉದ್ದ ಹೊಲಿಗೆ ಬಿದ್ದಿತ್ತು, ಅಕ್ಕಿಕಾಳು ಸಾಲಿಗಿಟ್ಟಷ್ಟು ನೆಟ್ಟಗೆ.

ಆಗ ನೆನಪಾಯಿತು. ನಾನು ನಾಲ್ಕೈದು ವರ್ಷದವಳಿದ್ದಾಗ ಅವ್ವ ತನ್ನ ಹಳೆಯ ಸೀರೆಯ ಅಂಚು ಹರಿದು ನನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದಳು. ಊಟಕ್ಕೆ ಕುಳಿತಾಗ, ಪಾಟಿಯ ಮೇಲೆ ಅಕ್ಷರ ತಿದ್ದುವಾಗ. ಒಂದನೆಯ ಇಯತ್ತೆ ಮುಗಿಯುವ ಹೊತ್ತಿಗೆ ನಾನು ಬಲಗೈಯಲ್ಲಿ ಉಣ್ಣುವುದನ್ನೂ ಬರೆಯುವುದನ್ನೂ ಕಲಿತೆ. ಕಟ್ಟುವುದು ನಿಂತಿತು. ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ, ನಾನೂ ಮರೆತೆ. ನನ್ನ ಕೈ ಮಾತ್ರ ಮರೆತಿರಲಿಲ್ಲ.

"ಇನ್ಮ್ಯಾಲೆ ನನ್ನ ಎದರಗೇ ಕುಂಡ್ರರಿ," ಎಂದಳು ಕಲಿಸುವಾಕೆ. "ಉಣ್ಣೂದಂತೂ ಅಲ್ಲ ಇದು. ಸೂಜಿಗೆ ಎಡಾ ಬಲಾ ಏನ ಗೊತ್ತಾಗತೈತ್ರಿ?"

ಮನೆಗೆ ಬಂದು ಹೇಳಿದೆ. ಗಂಡ ಮೊಬೈಲಿನಲ್ಲಿ ಏನೋ ಹುಡುಕಿದರು. ನಾಲ್ಕು ದಿನಕ್ಕೆ ಒಂದು ಪಾರ್ಸೆಲ್ ಬಂತು, ಎಡಗೈಯವರ ಕತ್ತರಿ. ಅಂಥದ್ದೊಂದು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹಳೆಯ ಲುಂಗಿಯೊಂದರ ಮೇಲೆ ಇಟ್ಟು ಒತ್ತಿದೆ. ಸರ್ರೆಂದು ಕೊನೆಯವರೆಗೆ ಹೋಯಿತು. ಖುಷಿಯಾಗಬೇಕಿತ್ತು, ಆಯಿತು ಕೂಡ. ಅದರ ಹಿಂದೆಯೇ ಎಂಥ ಸಿಟ್ಟು ಬಂತೆಂದರೆ ಇಡೀ ಲುಂಗಿಯನ್ನು ಚೌಕ ಚೌಕ ಕತ್ತರಿಸಿ ಹಾಕಿದೆ. ನಲವತ್ತೈದು ವರ್ಷ! ಎಲ್ಲರೂ ಮೊದ್ದು ಎಂದರು, ನಾನೂ ಹೌದೆಂದೆ. ಗಂಡ ಬಾಗಿಲಲ್ಲಿ ನಿಂತು, "ಅದು ನಾ ದಿನಾ ಉಡೂ ಲುಂಗಿ," ಎಂದಷ್ಟೇ ಹೇಳಿ ಹೋದರು. ಮುಂದೆ ನಾನು ಹೊಲಿಯಲು ಹಿಡಿದ ಕೌದಿಯ ಮೇಲೆ ಆ ಚೌಕಗಳೂ ಕುಳಿತವು.

ಆರು ತಿಂಗಳು ಹೊಲಿದೆ. ಎರಡು ಸಲ ಪೂರಾ ಬಿಚ್ಚಿದೆ. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ, ಮನೆಯಲ್ಲಿ ಕುಕ್ಕರ್ ಕೂಗುವವರೆಗೆ ಹೊಲಿದೆ. ಬಾಗಿಲಿಗೆ ಯಾರಾದರೂ ಬಂದರೆ ಮೊದಮೊದಲು ಸೂಜಿಯನ್ನು ಬಲಗೈಗೆ ಬದಲಿಸಿಬಿಡುತ್ತಿದ್ದೆ. ನಾಲ್ಕನೆಯ ತಿಂಗಳಿಗೆ ಆ ಅಂಜಿಕೆಯೂ ಹೋಯಿತು. ಕೆಟ್ಟದ್ದೇನೂ ಅಲ್ಲದ ಕೌದಿ ಆಯಿತು, ತೊಟ್ಟಿಲಿಗಿಂತ ದೊಡ್ಡದು, ಮಂಚಕ್ಕಿಂತ ಸಣ್ಣದು.

ಐವತ್ತು ತುಂಬಿದ ದಿನ ಮುಂಜಾನೆ ಅದನ್ನು ಚೀಲದಲ್ಲಿ ಹಾಕಿಕೊಂಡು ಮನೋಳಿಗೆ ಹೋದೆ. ಅವ್ವ ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಯವಾಗಿ ಮಾತಾಡಬೇಕು, ಸಿಟ್ಟು ಮಾಡಬಾರದು ಎಂದು ಬಸ್ಸಿನುದ್ದಕ್ಕೂ ನನಗೆ ನಾನೇ ಹೇಳಿಕೊಂಡಿದ್ದೆ. ಕೌದಿಯನ್ನು ಅವಳ ಮುಂದೆ ಹಾಸಿದೆ.

ಅವ್ವ ಕೈ ಒರೆಸಿಕೊಂಡಳು. ಕಣ್ಣು ಈಗ ಅಷ್ಟು ಕಾಣುವುದಿಲ್ಲ, ಬೆರಳಿನಿಂದಲೇ ನೋಡುತ್ತಾಳೆ. ಕೌದಿಯ ಹೊಲಿಗೆ ಒಂದು ಮೂಲೆಯಿಂದ ಹೊರಟು ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ಅವಳ ಬೆರಳು ಮೂಲೆಯಿಂದ ತನ್ನ ರೂಢಿಯ ಕಡೆಗೆ ಹೊರಟಿತು. ನಿಂತಿತು. ವಾಪಸು ಬಂದು ಇನ್ನೊಂದು ಕಡೆಗೆ ಹೋಯಿತು.

"ಇದು ಎಡಗೈ ಹೊಲಿಗಿ," ಎಂದಳು.

ನನ್ನ ನಯವೆಲ್ಲ ಅಲ್ಲಿಗೇ ಮುಗಿಯಿತು. "ಹೌದು, ಎಡಗೈ! ನೀ ಕಟ್ಟಿ ಹಾಕಿದ್ಯಲ್ಲಾ, ಅದ ಕೈ! ನನಗ ಕೈಯ ಇಲ್ಲಂತ ರಾಮದುರ್ಗದಾಗ ಮಂದಿ ಮುಂದ ಡಂಗುರಾ ಹೊಡದ್ಯಲ್ಲ, ಆ ಕೈಲೆ ಹೊಲದೇನಿ. ಬಾಳೆಲ್ಲಾ ನಾ ಮೊದ್ದ ಅಂತ ತಿಳ್ಕೊಂಡ್ನಲ್ಲ ಯವ್ವಾ!" ಒಳಗಿನಿಂದ ಅಣ್ಣನ ಹೆಂಡತಿ ಓಡಿಬಂದು ಬಾಗಿಲಲ್ಲೇ ನಿಂತಳು. ನನಗೆ ಅಳು ತಡೆಯಲಾಗಲಿಲ್ಲ.

ಅವ್ವ ಕೌದಿಯ ಮೂಲೆಯನ್ನು ಮಡಚಿ ಮತ್ತೆ ಬಿಚ್ಚಿದಳು. ಆಮೇಲೆ ಹೇಳಿದಳು. "ನಿಮ್ಮಪ್ಪನ ಕಡಿ ಒಬ್ಬಾಕಿ ಎಡಚಿ ಇದ್ದಳು. ನೋಡಾಕ ಬಂದಾವ್ರಿಗೆ ಎಡಗೈಲೆ ಚಾ ಕೊಟ್ಟಳಂತ ಎದ್ದ ಹೋದ್ರು. ಒಂದ ಸಲ ಅಲ್ಲ, ಮೂರ ಸಲ. ಅಕಿ ಮದುವಿನ ಆಗಲಿಲ್ಲ. ನಾ ಹೆದರಿದ್ನಿ. ಹೆದರಿ ಕಟ್ಟಿದ್ನಿ."

ನಾನು ಮೂಗು ಒರೆಸಿಕೊಂಡೆ.

"ನಿನ್ನ ಕೈ ಕೆಟ್ಟಿದ್ದಿಲ್ಲಬೇ. ಅದನ್ನ ನಾ ಕಟ್ಟಿ ಇಟ್ಟಿದ್ನಿ. ಮ್ಯಾಲೆ ನಾನ ಕೈ ಇಲ್ಲ ಅಂದ್ನಿ. ತಪ್ಪಾತು."

ಅವ್ವನ ಬಾಯಿಂದ ಆ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬೆಳ್ಳುಳ್ಳಿಯ ಸಿಪ್ಪೆಯನ್ನು ಗುಡ್ಡೆ ಮಾಡುತ್ತ ಕುಳಿತೆ.

ಅವಳು ಅಣ್ಣನ ಹೆಂಡತಿಗೆ ಹೇಳಿ ಒಳಕೋಣೆಯಿಂದ ಒಂದು ಗಂಟು ತರಿಸಿದಳು. ಬಿಚ್ಚಿದರೆ ಒಂದು ದೊಡ್ಡ ಕೌದಿ. ಎಲ್ಲಾ ಅವ್ವನವೇ ಸೀರೆಗಳು, ನಾನು ಸಣ್ಣವಳಿದ್ದಾಗ ನೋಡಿದ ಇಳಕಲ್ ಸೀರೆಯೂ ಇತ್ತು. ಸುತ್ತಲೂ ಹೊಲಿಗೆ ಬಿದ್ದು, ನಡುವೆ ಒಂದು ಮೊರದಗಲ ಖಾಲಿ ಉಳಿದಿತ್ತು. ಸೂಜಿ ಅಲ್ಲೇ ಚುಚ್ಚಿಕೊಂಡಿತ್ತು.

"ಊರ ಮಂದಿಗೆಲ್ಲಾ ಹೊಲದ್ನಿ. ಇದೊಂದ ನನಗಂತ ಹಿಡದಿದ್ನಿ. ಕಣ್ಣ ಹೋದುವು, ಅರ್ಧಕ್ಕ ನಿಂತು."

"ಮೂರ ವರ್ಷಾತು," ಎಂದಳು ಅಣ್ಣನ ಹೆಂಡತಿ. "ನಾ ಮುಗಸ್ತೇನಿ ಅಂದ್ರ ಮುಟ್ಟಗೊಡಂಗಿಲ್ಲ ನೋಡ್ರಿ."

ಅವ್ವ ಕೌದಿಯನ್ನು ನನ್ನ ತೊಡೆಯ ಮೇಲೆ ಎಳೆದು ಹಾಕಿದಳು. "ನೀ ಮುಗಸು."

"ನನ್ನ ಹೊಲಿಗಿ ಉಲ್ಟಾ ಹೋಗತಾವ ಯವ್ವಾ. ನಿನ್ನವಕ್ಕ ಕೂಡೂದಿಲ್ಲ. ಕಾಣತಾವು."

"ಕಾಣಲಿ. ಎಲ್ಲಿ ನನ್ನ ಕೈ ನಿಂತು, ಎಲ್ಲಿ ನಿನ್ನ ಕೈ ಚಾಲೂ ಆತು ಅನ್ನೂದು ಹೊಚ್ಚಿಕೊಂಡಾಗೆಲ್ಲಾ ನನಗ ಗೊತ್ತಾಗಲಿ."

ಅವ್ವ ನಿಲ್ಲಿಸಿದ್ದ ಜಾಗದಿಂದ ಸೂಜಿ ಕಿತ್ತು, ಹೊಸ ದಾರ ಪೋಣಿಸಿ ಎಡಗೈಗೆ ತೆಗೆದುಕೊಂಡೆ. ನಾಲ್ಕು ಹೊಲಿಗೆ ಹಾಕಿದೆ. ಅವ್ವ ಅದರ ಮೇಲೆ ಬೆರಳಾಡಿಸಿ, "ಸಾವಕಾಶ ಹಾಕು, ಛಲೋ ಬರಾಕತ್ತಾವು," ಎಂದು ಮತ್ತೆ ಬೆಳ್ಳುಳ್ಳಿ ಸುಲಿಯಲು ಕುಳಿತಳು.