ಮುಚ್ಚಿದ ಕಾರಿನೊಳಗಿನ ತಲೆನೋವು

೧೯೬೭ರ ಜುಲೈ ಹನ್ನೊಂದು, ಮಂಗಳವಾರ, ಸಂಜೆ ನಾಲ್ಕೂವರೆ. ನನ್ನ ಯಜಮಾನರು ಬಾಡಿಗೆ ಕಾರು ನಿಲ್ಲಿಸಿ ಒಳಗೆ ಬಂದವರು, ಚಪ್ಪಲಿಯನ್ನೂ ಬಿಡದೆ ಗೋಡೆ ಹಿಡಿದು ನಿಂತರು.

"ತಲೆ ಸಿಡೀತದೆ ಕಣೆ. ಒಂಚೂರು ಅದುಮು."

ಅದುಮಿದೆ. ವಾಂತಿಯಾಯಿತು. ಅರ್ಧ ಗಂಟೆಗೆಲ್ಲ ಎದ್ದು ಕೂತು ಕಾಫಿ ಕೇಳಿದರು. ನನ್ನ ದಿನಚರಿಯ ಆ ದಿನದ ಪುಟದಲ್ಲಿ ಇಷ್ಟೇ ಇದೆ.

ನಾವಿರುವುದು ತೀರ್ಥಹಳ್ಳಿಯಲ್ಲಿ. ಮದುವೆಯಾಗಿ ಎರಡು ವರ್ಷ ತುಂಬಿಲ್ಲ. ಇವರು ಓಡಿಸುವುದು ಸಾಹುಕಾರರೊಬ್ಬರ ಹಳೆಯ ಪೆಟ್ರೋಲ್ ಕಾರು. ಕೋಣಂದೂರು, ಹೊಸನಗರ, ಅದರಾಚೆಯ ನಗರ ಎಂಬ ಊರು, ಬಾಡಿಗೆ ಸಿಕ್ಕಿದ ಕಡೆಗೆ. ನನಗೆ ಮೊದಲಿನಿಂದಲೂ ದಿನಚರಿ ಬರೆಯುವ ಅಭ್ಯಾಸ. ಅದರಲ್ಲಿ ಇವರ ತಲೆನೋವಿಗೆ ಒಂದು ಸಾಲು ಬೇರೆ ಮಾಡಿದೆ: ತಾರೀಕು, ಹೋದ ಊರು, ಏನು ತಿಂದಿದ್ದರು, ನೋವು ಬಂತೋ ಇಲ್ಲವೋ.

ಕಿವಿಗೆ ಶೀತಗಾಳಿ ಹೊಕ್ಕಿದೆ ಎಂದರು ಅತ್ತೆ. ನನಗೂ ಸರಿ ಎನಿಸಿತು. ಮಳೆಗಾಲ ಬಂತೆಂದರೆ ನಮ್ಮ ಕಡೆಯ ಕಾರುಗಳ ಸಂದಿಗಳಿಗೆ ಏನಾದರೂ ತುರುಕುವುದು ವಾಡಿಕೆ. ಕೆಲವರು ಗೋಣಿ ತುರುಕುತ್ತಾರೆ, ಕೆಲವರು ಹಳೇ ಸೀರೆ. ನಾನು ಹಳೆಯ ಕಂಬಳಿಯನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಮಡಚಿ ಹೊಲಿದು, ಬಾಗಿಲು ಕಿಟಕಿಗಳ ಅಂಚಿಗೆಲ್ಲ ಒತ್ತಿದೆ. ಇವರು ಒಳಗೆ ಕೂತು ಗಾಜು ಏರಿಸಿ ನೋಡಿ ನಕ್ಕರು.

"ಬಾಣಂತಿ ಕೋಣೆ ಮಾಡಿಬಿಟ್ಯಲ್ಲೆ!"

ಪಟ್ಟಿ ಒತ್ತುವ ಮೊದಲಿನ ಹದಿನೈದು ದಿನಕ್ಕೆ ನಾಲ್ಕು ತಲೆನೋವು. ಆಮೇಲಿನ ಹದಿನೈದು ದಿನಕ್ಕೆ ಹನ್ನೊಂದು. ಎರಡು ಅಂಕಿಗಳೂ ನನ್ನ ಕೈಯಕ್ಷರದಲ್ಲೇ ಇದ್ದವು. ಶೀತ ಹೆಚ್ಚಾಗಿದೆ ಎಂದುಕೊಂಡು ಇನ್ನೂ ನಾಲ್ಕು ಪಟ್ಟಿ ಹೊಲಿದೆ. ದಾರಿಯಲ್ಲಿ ಕಾರಿನಲ್ಲಿದ್ದವರೂ ವಾಂತಿ ಮಾಡುತ್ತಿದ್ದರಂತೆ. ಅದು ತಿರುವುಗಳಿಂದ ಎಂದು ಎಲ್ಲರ ನಂಬಿಕೆ.

ಆಗಸ್ಟ್ ಹದಿನಾರು, ಬುಧವಾರ. ನಗರದಿಂದ ಬರುವಾಗ ಹೊಸನಗರದ ಹತ್ತಿರ ಕಾರು ಮೆಲ್ಲಗೆ ರಸ್ತೆ ಪಕ್ಕದ ಚರಂಡಿಗೆ ಇಳಿಯಿತು. ಇವರ ಹಣೆ ಸ್ಟೇರಿಂಗ್ ಮೇಲಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕಾಲು ಗಂಟೆಯವರೆಗೆ ಇವರಿಗೆ ತಮ್ಮ ಊರಿನ ಹೆಸರು ಹೇಳಲಾಗಲಿಲ್ಲ.

ಮೊದಲು ನೋಡಿದ ಡಾಕ್ಟರು ಬ್ಲಡ್ ಪ್ರೆಶರ್ ನೋಡಿ, ಕಣ್ಣಿಗೆ ಬೆಳಕು ಬಿಟ್ಟು, "ಫಿಟ್ಸ್ ಇರಬಹುದು. ಇನ್ನು ಗಾಡಿ ಮುಟ್ಟಬೇಡಿ," ಎಂದರು.

ಹದಿನೆಂಟನೇ ವಯಸ್ಸಿನಿಂದ ಇವರಿಗೆ ಗೊತ್ತಿರುವುದು ಅದೊಂದೇ ಕೆಲಸ. ಫಿಟ್ಸ್ ಎಂದು ಊರಿಗೆ ತಿಳಿದರೆ ಯಾರೂ ಎಂದಿಗೂ ಕಾರಿನ ಕೀ ಕೊಡುವುದಿಲ್ಲ. ಮನೆಗೆ ಬಂದು ಜಗುಲಿಯಲ್ಲಿ ಕೂತು ಕೇಳಿದರು:

"ನಾನು ಇನ್ನೆಂತ ಮಾಡದು?"

ಡಾಕ್ಟರು ಕೊಟ್ಟಿದ್ದ ಮಾತ್ರೆ, ಒಂದು ಲೋಟ ನೀರು ತಂದು ಮುಂದಿಟ್ಟೆ.

ಇಪ್ಪತ್ತು ದಿನ ಮನೆಯಲ್ಲಿದ್ದರು. ಮಾತ್ರೆಗೆ ಸದಾ ತೂಕಡಿಕೆ. ತಲೆನೋವಿನ ಸಾಲು ಮಾತ್ರ ಪೂರ್ತಿ ಖಾಲಿ. ಮಾತ್ರೆ ಹಿಡಿಯಿತು ಎಂದರು ಎಲ್ಲರೂ.

ಸೆಪ್ಟೆಂಬರ್ ಆರರಂದು ಸಾಗರದ ಹಿರಿಯ ಡಾಕ್ಟರೊಬ್ಬರಿಗೆ ತೋರಿಸಲು ಹೊರಟೆವು. ಅಷ್ಟು ದಿನ ಶೆಡ್ಡಿನಲ್ಲೇ ನಿಂತಿದ್ದ ಅದೇ ಕಾರನ್ನು ಸಾಹುಕಾರರು ಕೊಟ್ಟರು. ಓಡಿಸಿದ್ದು ಇವರ ಸ್ನೇಹಿತ ಗೋವಿಂದಣ್ಣ. ಇವರು ಪಕ್ಕದಲ್ಲಿ, ನಾನು ಹಿಂದೆ. ಜಡಿಮಳೆ, ಗಾಜೆಲ್ಲ ಏರಿಸಿತ್ತು. ಹೊಸನಗರ ಬರುವಷ್ಟರಲ್ಲಿ ನನ್ನ ತಲೆ ಭಾರವಾಯಿತು. ಊರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಗೋವಿಂದಣ್ಣ ಗಕ್ಕನೆ ಬ್ರೇಕ್ ಹಾಕಿದರು.

"ಅಯ್ಯ, ಎಂತದಾ ಇದು! ನಂಗೂ ತಲೆ ತಿರುಗ್ತದಲ್ಲ!"

ಇವರು ಕಣ್ಣು ಮುಚ್ಚಿಕೊಂಡೇ ಅಂದರು: "ನನ್ ಫಿಟ್ಸು ನಿಂಗೂ ಹತ್ತಿತನಾ?"

ಮೂವರೂ ಇಳಿದು ಮಳೆಯಲ್ಲೇ ನಿಂತೆವು. ಹತ್ತು ನಿಮಿಷಕ್ಕೆ ಮೂವರಿಗೂ ಹಗುರವಾಯಿತು. ಕೊಡೆಯ ಅಡಿಯಲ್ಲಿ ಸಮಯ ಬರೆದುಕೊಂಡೆ. ಅಲ್ಲಿಂದ ಸಾಗರದವರೆಗೆ ಗಾಜು ಇಳಿಸಿ, ನೆನೆಯುತ್ತ ಹೋದೆವು.

ಡಾಕ್ಟರು ಇವರನ್ನು ಪರೀಕ್ಷೆ ಮಾಡಿದ್ದಕ್ಕಿಂತ ಹೆಚ್ಚು ಹೊತ್ತು ನನ್ನ ದಿನಚರಿ ಓದಿದರು.

"ಮನೇಲಿದ್ದಾಗ ಒಂದು ದಿನವೂ ಇಲ್ಲ. ಇವತ್ತು ಕಾರಲ್ಲಿ ಮೂವರಿಗೂ. ಫಿಟ್ಸ್ ಮೂರು ಜನಕ್ಕೆ ಒಟ್ಟಿಗೆ ಬರಲ್ಲಮ್ಮ. ಕಾರೊಳಗೆ ಗಾಳಿ ಆಡ್ತದಾ?"

"ಇಲ್ಲ. ನಾನೇ ಎಲ್ಲ ಮುಚ್ಚಿದೀನಿ."

ಪೆಟ್ರೋಲ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯಿಲ್ಲ, ರಕ್ತದಲ್ಲಿ ಆಕ್ಸಿಜನ್ ಇರಬೇಕಾದ ಜಾಗವನ್ನು ಅದು ಹಿಡಿದುಬಿಡುತ್ತದೆ ಎಂದು ವಿವರಿಸಿದರು. ಅಲ್ಲಿಂದ ನೇರ ಗ್ಯಾರೇಜಿಗೆ ಹೋದೆವು. ಮೇಸ್ತ್ರಿ ಡ್ರೈವರ್ ಕಾಲಡಿಯ ಚಾಪೆ ಎತ್ತಿದರು. ಕೆಳಗೆ ಎರಡು ಬೆರಳು ತೂರುವಷ್ಟು ತೂತು, ಸುತ್ತಲೂ ಮಸಿ. ಅದರ ನೇರಕ್ಕೆ ಹೊಗೆ ಕೊಳವೆ ಬಿರುಕು ಬಿಟ್ಟಿತ್ತು.

ಒಳಗೆ ಬಂದ ಹೊಗೆ ಹೊರಗೆ ಹೋಗದಂತೆ ಮಾಡಿದವಳು ನಾನು.

ಅಲ್ಲೇ ಕೂತು ಪಟ್ಟಿಗಳನ್ನು ಒಂದೊಂದಾಗಿ ಕಿತ್ತೆ. ಒಟ್ಟು ಹದಿನಾಲ್ಕು. ಅಳು ತಡೆಯಲಾಗಲಿಲ್ಲ. ಇವರು ಪಕ್ಕದಲ್ಲಿ ಬಂದು ಕುಕ್ಕರುಗಾಲಲ್ಲಿ ಕೂತರು.

"ಬೆಚ್ಚಗಂತೂ ಇತ್ತು ಮಾರಾಯ್ತಿ. ಅದೇನ್ ಸುಳ್ಳಲ್ಲ."

ಡಾಕ್ಟರು ಫಿಟ್ಸ್ ಮಾತ್ರೆ ನಿಲ್ಲಿಸಿ, ಒಂದು ತಿಂಗಳು ಕಾದು ನೋಡಲು ಹೇಳಿದ್ದರು. ಅಕ್ಟೋಬರ್ ಒಂಬತ್ತರಿಂದ ಇವರು ಮತ್ತೆ ಕಾರು ಓಡಿಸುತ್ತಿದ್ದಾರೆ. ಕೊಳವೆ ಹೊಸದು. ಮಳೆಯಿದ್ದರೂ ಎರಡು ಗಾಜು ನಾಲ್ಕು ಬೆರಳು ಇಳಿದಿರಲೇಬೇಕು. ಗೊಣಗುವವರಿಗೆ ಇವರದೊಂದೇ ಮಾತು: "ನೆನೆದ್ರೆ ಒಣಗ್ತೀರಿ, ಕೂತ್ಕಳಿ."

ಇಂದಿಗೆ ನಲವತ್ತು ದಿನ. ತಲೆನೋವು ಒಂದೂ ಇಲ್ಲ. ದೇವರಿಗೂ ಸಾಗರದ ಡಾಕ್ಟರಿಗೂ ಕೈ ಮುಗಿಯುತ್ತೇನೆ.

ಆದರೆ ಒಂದು ಉಳಿದಿದೆ. ದಾರಿಗಳು ಇವರಿಗೆ ಮರೆತಿಲ್ಲ, ಜನರ ಹೆಸರು ಮರೆಯುತ್ತವೆ. ಮೊದಲ ವಾರ ಒಂಬತ್ತು ಸಲ, ಕಳೆದ ವಾರ ನಾಲ್ಕು. ಮೊನ್ನೆ ಸ್ವಂತ ಅಕ್ಕನ ಮಗನ ಹೆಸರಿಗೇ ತಡಕಾಡಿದರು. ನಾನು ಮುಖ ತಿರುಗಿಸಿದ್ದನ್ನು ಕಂಡು, "ನಿನ್ ಹೆಸರು ನೆನಪದೆ, ಸಾಕಲ್ಲ," ಎಂದರು. ಪೂರ್ತಿ ವಾಸಿಯಾಗುತ್ತದೆಯೇ ಎಂದು ಕೇಳಿದರೆ ಡಾಕ್ಟರು, ಆಗಬಹುದು, ಆಗದೆಯೂ ಇರಬಹುದು ಎನ್ನುತ್ತಾರೆ.

ಮುಚ್ಚಿದ ಕಾರಿನಲ್ಲಿ ಹೀಗಾದವರು, ಅವರ ಮನೆಯವರು ಯಾರಾದರೂ ಇದನ್ನು ಓದಿದರೆ, ಮರೆವು ಎಷ್ಟು ತಿಂಗಳಿಗೆ ಹೋಯಿತು ಎಂದು ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಹೋಗಲಿಲ್ಲ ಎಂದಾದರೆ ಅದನ್ನೂ ಬರೆಯಿರಿ.